ಸಂಕಮ್ಮ ಇನ್ನೂ ಗುಡಿಸಲಲ್ಲೇ ಇದ್ದಾಳೆ

ಸಂಜೆ ಆರಕ್ಕೆ ಇನ್ನು ಎರಡು ನಿಮಿಷ. ನಿಮ್ಮ ನಾಲಿಗೆ ಅಂಗುಳಿಗೆ ಅಂಟಿಕೊಂಡಿದೆ. ನೀರಿನ ಬಾಟಲಿ ಮೇಜಿನ ಮೇಲೇ ಇದೆ. ಆದರೆ ಈಗ ಕುಡಿದು ಮೊದಲ ಮಾತಿಗೇ ತೇಗು ಬಂದುಬಿಟ್ಟರೆ ಎಂಬ ಅಳುಕು. ತುಟಿ ಒದ್ದೆ ಮಾಡಿಕೊಂಡು ಹೆಡ್‌ಫೋನ್ ಏರಿಸುತ್ತೀರಿ. ಅದರ ಮೆತ್ತೆ ಸವೆದು ಸಿಪ್ಪೆ ಏಳುತ್ತಿದೆ. ಬೆಳಗ್ಗೆಯಿಂದ ಅದನ್ನು ಹಾಕಿಕೊಂಡವರೆಲ್ಲರ ಕೊಬ್ಬರಿ ಎಣ್ಣೆಯ ವಾಸನೆ ಅದಕ್ಕೆ ಹತ್ತಿದೆ. ಕಿವಿ ಮುಚ್ಚಿದ ಕೂಡಲೇ ಕಾರಿಡಾರಿನ ಗಲಾಟೆ ದೂರ ಸರಿದು ನಿಮ್ಮ ಉಸಿರು ನಿಮಗೇ ಕೇಳಿಸತೊಡಗುತ್ತದೆ.

ಮೈಸೂರಿನ ಒಂದು ಕಾಲೇಜಿನ ಎರಡನೇ ಮಹಡಿಯ ಕೋಣೆ ಇದು. ಹಿಂದೆ ಪ್ರಯೋಗಾಲಯದ ಸಾಮಾನು ತುಂಬಿಡುತ್ತಿದ್ದ ಜಾಗ. ಈಗ ಗೋಡೆಗೆಲ್ಲ ಬೂದುಬಣ್ಣದ ಫೋಮ್ ಹೊಡೆದು, ನೆಲಕ್ಕೆ ಕಾರ್ಪೆಟ್ ಹಾಸಿ, ಇದ್ದೊಂದು ಕಿಟಕಿಯನ್ನೂ ಮುಚ್ಚಿ ಕಾಲೇಜಿನ ಬಾನುಲಿಗೆ ಸ್ಟುಡಿಯೋ ಮಾಡಿದ್ದಾರೆ. ಇಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಅಂಗೈಯಲ್ಲೇ ಮುಗಿದುಹೋಗುತ್ತದೆ. ಎಸಿಯ ತಂಪಿನೊಳಗೆ ಕಾರ್ಪೆಟ್ಟಿನ ಮುಗ್ಗಲು ವಾಸನೆ. ಅದರ ಜೊತೆಗೆ ಇವತ್ತು ಹೊಸದಾಗಿ ವಿಭೂತಿ, ಬಿಸಿಲು ಹೀರಿದ ಹತ್ತಿ ಬಟ್ಟೆ ಮತ್ತು ಎಲೆಅಡಿಕೆಯ ಘಮ.

ಆ ಘಮ ಎದುರಿನ ಕುರ್ಚಿಯಿಂದ ಬರುತ್ತಿದೆ. ನಂಜನಗೂಡಿನ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬಂದ ಕಂಸಾಳೆಯ ತಾತ ಅಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೆ. ಕೊರಳಲ್ಲಿ ರುದ್ರಾಕ್ಷಿ, ಹಣೆ ತುಂಬ ವಿಭೂತಿ. ಹಿಂದೆ ಇಬ್ಬರು ಮೇಳದವರು. ಚಪ್ಪಲಿ ಹೊರಗೆ ಬಿಡಿ ಎಂದು ಯಾರೂ ಹೇಳಿರಲಿಲ್ಲ, ಮೂವರೂ ಬಾಗಿಲಲ್ಲೇ ಬಿಟ್ಟು ಒಳಗೆ ಬಂದರು. ತಾತ ಮೈಕನ್ನು ದಿಟ್ಟಿಸಿ ನೋಡಿ ಕೇಳುತ್ತಾರೆ:

“ಮಗ, ಇದನ್ನೇ ನೋಡ್ಕಂಡು ಹಾಡ್ಬೇಕಾ?”

“ಬೇಡ ತಾತ, ನನ್ನ ಮುಖ ನೋಡ್ಕೊಂಡು ಹಾಡಿ. ಅಲ್ಲಿ ಬಾಗಿಲ ಮೇಲೆ ಕೆಂಪು ದೀಪ ಇದೆಯಲ್ಲ, ಅದು ಉರೀತಿದ್ರೆ ಊರಿಗೆಲ್ಲ ಕೇಳಿಸ್ತಿದೆ ಅಂತ.”

ಅವರು ಕತ್ತೆತ್ತಿ ಆ ಬಲ್ಬನ್ನು ಗುರುತಿಟ್ಟುಕೊಳ್ಳುವಂತೆ ನೋಡಿ ತಲೆಯಾಡಿಸುತ್ತಾರೆ.

ಗಾಜಿನ ಆಚೆ ಕಂಟ್ರೋಲ್ ರೂಮಿನಲ್ಲಿ ತಾಂತ್ರಿಕ ವಿಭಾಗದ ಸರ್ ಕೈ ಎತ್ತಿದ್ದಾರೆ. ಐದು ಬೆರಳು. ನಾಲ್ಕು. ನಿಮ್ಮ ಬಲಗೈಯ ತೋರುಬೆರಳು ಧ್ವನಿ ಏರಿಳಿಸುವ ಫೇಡರಿನ ಮೇಲೆ ಕೂತಿದೆ, ಪ್ಲಾಸ್ಟಿಕ್ ಗುಂಡಿಗೆ ಬೆವರು ಹತ್ತಿದೆ. ಮೂರು. ಬರೆದಿಟ್ಟುಕೊಂಡ ಮೊದಲ ಸಾಲು ಕಣ್ಣೆದುರೇ ಇದ್ದರೂ ಅಕ್ಷರಗಳು ಕೂಡಿಕೊಳ್ಳುತ್ತಿಲ್ಲ. ಎರಡು. ಹೊಟ್ಟೆಯೊಳಗೆ ಏನೋ ಕೆಳಗಿಳಿಯುತ್ತದೆ. ಒಂದು. ಕೆಂಪು ದೀಪ.

“ನಮಸ್ಕಾರ. ಸೋಮವಾರದ ಸಂಜೆ, ಹಾಡಿನ ಹೊತ್ತು.”

ಧ್ವನಿ ನಿಮ್ಮದೇ. ಆದರೆ ಕಿವಿಗೆ ಮರಳಿ ಬರುವಾಗ ಸ್ವಲ್ಪ ದಪ್ಪಗಾಗಿ, ಸ್ವಲ್ಪ ಹಿರಿಯರದ್ದಾಗಿ ಬರುತ್ತದೆ. ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ಭುಜ ಕೆಳಗಿಳಿಯುತ್ತದೆ. ಮೂರನೆಯದಕ್ಕೆ ನೀವು ಕಾಗದ ನೋಡುವುದನ್ನು ಬಿಡುತ್ತೀರಿ. ಮೈಕಿನ ಮುಂದೆ ನೂರಾರು ಜನರನ್ನು ಕಲ್ಪಿಸಿಕೊಂಡರೆ ಮಾತು ಭಾಷಣವಾಗುತ್ತದೆ, ಒಬ್ಬರನ್ನು ನೆನೆದರೆ ಮಾತಾಗಿಯೇ ಉಳಿಯುತ್ತದೆ. ನೀವು ಕುವೆಂಪುನಗರದ ಹೊಲಿಗೆ ಅಂಗಡಿಯವರನ್ನು ನೆನೆಯುತ್ತೀರಿ. ಮಷಿನ್ನಿನ ಪಕ್ಕದಲ್ಲಿ ರೇಡಿಯೋ ಇಟ್ಟುಕೊಂಡು ಪ್ರತಿವಾರ ಕೇಳಿ, ಕಾರ್ಯಕ್ರಮ ಮುಗಿದ ಮೇಲೆ ಫೋನ್ ಮಾಡಿ ಯಾವುದು ಚೆನ್ನಾಗಿತ್ತು ಎಂದು ಹೇಳುವವರು ಅವರು.

ನಿಮ್ಮ ಲೋಕದ ಎಲ್ಲೆ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತದೆ. ಇಂಥ ಸಮುದಾಯ ಬಾನುಲಿಗೆ ಸರ್ಕಾರ ಕೊಡುವ ಪ್ರಸಾರದ ಶಕ್ತಿ 100 ವ್ಯಾಟ್. ಪಕ್ಕದ ಕೋಣೆಯಲ್ಲಿ ಫ್ಯಾನ್ ತಿರುಗಿಸಿಕೊಂಡು ಕೂತಿರುವ ಟ್ರಾನ್ಸ್‌ಮಿಟರಿನದು ಬರೀ 50. ಉಳಿದದ್ದನ್ನು ತಾರಸಿಯ ಮೇಲಿನ ಆಂಟೆನಾ ಕೂಡಿಸಿಕೊಡುತ್ತದೆ. ಅದರ ಕಂಬವೂ 30 ಮೀಟರ್ ದಾಟುವಂತಿಲ್ಲ. ಇಷ್ಟರಲ್ಲಿ ಧ್ವನಿ ಸುತ್ತ ಹತ್ತು ಕಿಲೋಮೀಟರ್ ಹೋದರೆ ಹೆಚ್ಚು. ಕೇಳುವವರೆಲ್ಲ ಈಗ ನಿಮ್ಮಂತೆಯೇ ಅದೇ ಆಕಾಶದ ಕೆಳಗಿದ್ದಾರೆ, ಚಾಮುಂಡಿ ಬೆಟ್ಟದ ಹಿಂದಿನಿಂದ ಏಳುತ್ತಿರುವ ಅದೇ ಮೋಡವನ್ನು ನೋಡುತ್ತಿದ್ದಾರೆ.

ಮೊದಲ ಹಾಡು ಬಿಡುತ್ತೀರಿ. ಮಹಿಳಾ ಹಾಸ್ಟೆಲಿನ ಹುಡುಗಿಯರು ಇದೇ ಕೋಣೆಯಲ್ಲಿ ಹಾಡಿದ ಸೋಬಾನೆ, ನಾಲ್ಕು ನಿಮಿಷ. ಮೈಕಿನ ಫೇಡರ್ ಕೆಳಗೆ, ಹಾಡಿನದು ಮೇಲೆ. ಈಗ ನೀರು ಕುಡಿಯಬಹುದು.

ಈ ನಾಲ್ಕು ನಿಮಿಷದಲ್ಲಿ ಕೈಗೆ ಬಿಡುವಿಲ್ಲ. ಲಾಗ್ ಬುಕ್ಕಿನಲ್ಲಿ ಹಾಡಿನ ಹೆಸರು, ಹಾಡಿದವರು, ಶುರುವಾದ ಹೊತ್ತು. ಮುಂದಿನ ಫೈಲು ಸಾಲಿನಲ್ಲಿ ಕೂತಿದೆಯೇ ಎಂದು ನೋಡಬೇಕು. ಸಿನಿಮಾ ಹಾಡು ಹಾಕಬಾರದೇ ಎಂದು ಹಲವರು ಕೇಳುತ್ತಾರೆ. ಹಾಕಬಹುದು, ಹಕ್ಕುದಾರರಿಗೆ ಹಣ ಕಟ್ಟಬೇಕು. ಕಾಲೇಜಿನ ಬಾನುಲಿಯ ಕಿಸೆಗೆ ಅದು ಭಾರ. ಈ ಬಡತನದಿಂದ ಒಳ್ಳೆಯದೇ ಆಗಿದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಕೊಂಡ ಹಾಡು ಸಿಗದ ಕಾರಣ ನಿಮ್ಮಂಥವರು ಹಾಡುವವರನ್ನು ಹುಡುಕಿಕೊಂಡು ಸಂತೆಗೆ, ಜಾತ್ರೆಗೆ, ಅಡುಗೆಮನೆಗೆ ಹೋಗುತ್ತಾರೆ. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯವಾಗಿ ತಯಾರಾಗಿರಬೇಕು ಎಂದು ಸರ್ಕಾರದ ನಿಯಮವೂ ಹೇಳುತ್ತದೆ. ಇಲ್ಲಿ ನಿಯಮವೂ ಹಸಿವೂ ಒಂದೇ ದಾರಿ ಹಿಡಿದಿವೆ.

ಸೋಬಾನೆಯ ಮೂರನೇ ನುಡಿ. ಇನ್ನೂ ಒಂದೂವರೆ ನಿಮಿಷ ಇದೆ. ತಾತ ಕಂಸಾಳೆಯ ಬಟ್ಟಲನ್ನು ಪಂಚೆಯ ಅಂಚಿನಿಂದ ಒರೆಸುತ್ತಿದ್ದಾರೆ.

ಈ ಊರಿಗೆ ಇಂಥ ಕೋಣೆ ಹೊಸದಲ್ಲ. 1935ರ ಸೆಪ್ಟೆಂಬರ್ 10ರಂದು ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಪ್ರಸಾರ ಶುರು ಮಾಡಿದರು. ಟ್ರಾನ್ಸ್‌ಮಿಟರಿನ ಶಕ್ತಿ 30 ವ್ಯಾಟ್, ನಿಮ್ಮದಕ್ಕಿಂತ ಕಡಿಮೆ. ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರನ್ನು ಮುಂದೆ ಇಡೀ ದೇಶದ ಬಾನುಲಿ ತೆಗೆದುಕೊಂಡಿತು. ಆಮೇಲೆ ಬಹುಕಾಲ ಗಾಳಿಯ ಅಲೆಗಳೆಲ್ಲ ಸರ್ಕಾರದ ಕೈಯಲ್ಲೇ ಇದ್ದವು. ಅವು ಸಾರ್ವಜನಿಕರ ಸೊತ್ತು ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2002ರ ಕೊನೆಗೆ ಶಿಕ್ಷಣ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ ಮೊದಲು ಒಳಗೆ ಕಾಲಿಟ್ಟಿತು. ನೀವು ಕೂತಿರುವ ಕುರ್ಚಿ ಸಿಕ್ಕಿದ್ದು ಹೀಗೆ. ಒಬ್ಬ ಮೇಷ್ಟರು ಮನೆಯಲ್ಲಿ ಕೂತು ಮಾಡಿದ ಕೆಲಸ ಮತ್ತೆ ಮೇಷ್ಟರ, ಮಕ್ಕಳ ಕೈಗೆ ಬರಲು ಸುಮಾರು ಏಳು ದಶಕ ಹಿಡಿಯಿತು.

ಹಾಡು ಮುಗಿಯುತ್ತದೆ. ಮುಂದಿನದನ್ನು ಒತ್ತುತ್ತೀರಿ.

ಏನೂ ಬರುವುದಿಲ್ಲ.

ಮತ್ತೆ ಒತ್ತುತ್ತೀರಿ. ಪರದೆಯ ಮೇಲೆ ಸಣ್ಣ ಚಕ್ರ ತಿರುಗುತ್ತಿದೆ. ಕಿವಿಯಲ್ಲಿ ಬರೀ ಗಾಳಿಯಂಥ ಸುಯ್. ಒಂದು ಸೆಕೆಂಡ್. ಎರಡು. ಹೊರಗಿನವರಿಗೆ ಎರಡು ಸೆಕೆಂಡು ಲೆಕ್ಕಕ್ಕಿಲ್ಲ, ನಿಮಗೆ ಕಿವಿಯ ತುದಿಯವರೆಗೂ ಬಿಸಿ ಏರುತ್ತಿದೆ. ಮೂರು. ಗಾಜಿನ ಆಚೆ ಸರ್ ಕೀಬೋರ್ಡಿನ ಮೇಲೆ ಬಗ್ಗಿದ್ದಾರೆ. ನಾಲ್ಕು. ಹೊಲಿಗೆ ಅಂಗಡಿಯವರು ಪೆಡಲಿನಿಂದ ಕಾಲು ತೆಗೆದು ರೇಡಿಯೋದ ಕಡೆ ಕತ್ತು ತಿರುಗಿಸಿರುತ್ತಾರೆ. ಐದು. ಇನ್ನೊಂದಿಷ್ಟು ತಡವಾದರೆ ಅವರ ಕೈ ಗುಂಡಿಗೆ ಹೋಗುತ್ತದೆ, ಮತ್ತೊಂದು ನಿಲಯ ಸಿಗುತ್ತದೆ.

ಎರಡು ದಾರಿ ಇವೆ. ತಡವಾಯಿತು, ಕ್ಷಮಿಸಿ ಎಂದು ಹೇಳುತ್ತ ಕಂಪ್ಯೂಟರ್ ಸರಿಹೋಗುವ ತನಕ ಮಾತು ಎಳೆಯಬಹುದು. ಇಲ್ಲವೇ ಆರೂಕಾಲಿಗೆ ಇಟ್ಟುಕೊಂಡಿದ್ದ ತಾತನನ್ನು ಈಗಲೇ ಕರೆಯಬೇಕು. ತಾತ ಇನ್ನೂ ಕಂಸಾಳೆ ಒರೆಸುತ್ತಿದ್ದಾರೆ, ಎರಡನೇ ಮೈಕಿನ ಎತ್ತರ ಸರಿಮಾಡಿಲ್ಲ, ಮೇಳದವರಲ್ಲಿ ಒಬ್ಬರು ಕೆಮ್ಮುತ್ತಿದ್ದಾರೆ. ನಿಮ್ಮ ಬೆರಳು ನಿಮಗಿಂತ ಮೊದಲೇ ನಿರ್ಧಾರ ಮಾಡಿ ಮೈಕನ್ನು ಮೇಲೇರಿಸುತ್ತದೆ.

“ಈಗ ನಮ್ಮ ಜೊತೆ ಕಂಸಾಳೆಯ ಮೇಳ ಕೂತಿದೆ. ಇವತ್ತು ಸೋಮವಾರ, ಮಾದಪ್ಪನ ವಾರ. ತಾತ, ಯಾವ ಸಾಲು ಹಾಡ್ತೀರಿ?”

ತಾತ ಬಟ್ಟೆ ಕೆಳಗಿಟ್ಟು, ಒಂದು ಗಳಿಗೆಯೂ ಯೋಚಿಸದೆ, “ಸಂಕವ್ವನ್ ಸಾಲು ಮಗ” ಎನ್ನುತ್ತಾರೆ.

ಮುಂದಿನ ಕ್ಷಣ ಕಂಚು ಕಂಚಿಗೆ ಬಡಿಯುತ್ತದೆ.

ಬೆಚ್ಚಿಬೀಳಬೇಡಿ. ಎಡಗೈಯಲ್ಲಿರುವುದು ಬಟ್ಟಲಿನಂತೆ ತಗ್ಗಾದ ತಾಳ, ಬಲಗೈಯಲ್ಲಿರುವುದು ಚಪ್ಪಟೆ, ನಡುವಿನ ತೂತಿನಿಂದ ಬಂದ ದಾರ ಬೆರಳಿಗೆ ಸುತ್ತಿದೆ. ಎರಡೂ ಸೇರಿದಾಗ ಏಳುವ ಸದ್ದು ಈ ಕೋಣೆಗೆ ಬಲು ದೊಡ್ಡದು. ಮೀಟರಿನ ಹಸಿರು ಗೆರೆ ಹಳದಿ ದಾಟಿ ಕೆಂಪಿಗೆ ನೆಗೆಯುತ್ತದೆ. ಕೆಂಪಿಗೆ ಹೋದರೆ ರೇಡಿಯೋದಲ್ಲಿ ಕಂಚು ಒಡೆದು ತಗಡಿನ ಸದ್ದಾಗಿ ಕೇಳುತ್ತದೆ. ಹಾಗೆಂದು ಪೂರ್ತಿ ಇಳಿಸಿದರೆ ತಾತನ ದನಿ ಮುಳುಗುತ್ತದೆ. ನೀವು ಅರ್ಧ ಎದ್ದು, ಮೇಜಿನ ಮೇಲೆ ಬಗ್ಗಿ, ಮೈಕಿನ ಮೂತಿಯನ್ನು ತಾತನ ಕೈಗಳ ಕಡೆಯಿಂದ ತಿರುಗಿಸಿ ಅವರ ಬಾಯಿಯ ಪಕ್ಕಕ್ಕೆ ತರುತ್ತೀರಿ. ಸ್ಟ್ಯಾಂಡಿನ ತಿರುಪು ಕಿರ್ ಎನ್ನದಿರಲಿ ಎಂದು ಹಲ್ಲು ಕಚ್ಚಿದ್ದೀರಿ. ತಾತನ ಉಸಿರು ನಿಮ್ಮ ಮಣಿಕಟ್ಟಿಗೆ ತಾಗುತ್ತದೆ, ಎಲೆಅಡಿಕೆ ಘಮ ಮೂಗಿಗೆ ಬರುತ್ತದೆ. ಅವರು ಹಾಡು ನಿಲ್ಲಿಸುವುದಿಲ್ಲ.

ಈಗ ಮೀಟರ್ ಹಳದಿಯಲ್ಲಿ ನಿಂತಿದೆ.

ಇನ್ನು ನಿಮ್ಮ ಕೆಲಸವೆಲ್ಲ ಒಂದು ಬೆರಳಿನದು. ಪ್ರತಿ ಸಾಲಿನ ಕೊನೆಗೆ ತಾತ ಮೇಳದವರ ಕಡೆ ಕತ್ತು ತಿರುಗಿಸುತ್ತಾರೆ, ಅವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಕತ್ತು ತಿರುಗಿದಾಗ ದನಿ ಮೈಕಿನಿಂದ ಜಾರುತ್ತದೆ, ಬೆರಳು ಫೇಡರನ್ನು ಕೂದಲೆಳೆಯಷ್ಟು ಮೇಲೆತ್ತುತ್ತದೆ. ಕತ್ತು ಮರಳಿದಾಗ ಇಳಿಸುತ್ತದೆ. ಸ್ವಲ್ಪ ಹೊತ್ತಿಗೆ ಈ ಏರಿಳಿತ ನಿಮ್ಮ ಉಸಿರಿಗೆ ಸೇರಿಹೋಗಿ ಎಣಿಸುವುದು ತಪ್ಪುತ್ತದೆ. ಆಗ ಮಾತ್ರ ಕತೆ ಕಿವಿಗೆ ಬೀಳಲು ಶುರುವಾಗುತ್ತದೆ.

ಸೋಲಿಗರ ನೀಲೇಗೌಡ ಹೆಜ್ಜೇನು ಕೀಳಲು ಕಾಡಿಗೆ ಹೊರಟಿದ್ದಾನೆ. ತಾನಿಲ್ಲದಾಗ ಹೆಂಡತಿ ಸಂಕಮ್ಮ ಏನು ಮಾಡಿಯಾಳೋ ಎಂಬ ಅನುಮಾನ ಅವನ ತಲೆ ಹೊಕ್ಕಿದೆ. ಬಲಗೈ ಭಾಷೆ ಕೊಟ್ಟು ಕಳಿಸು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಬೇಡುತ್ತಾನೆ, ಬಯ್ಯುತ್ತಾನೆ, ಹಿಂಸಿಸುತ್ತಾನೆ. ಆಣೆ ಇಟ್ಟು ತನ್ನ ಮಾನ ಸಾಬೀತು ಮಾಡಬೇಕಾದ ಗತಿ ತನಗಿಲ್ಲ ಎಂದು ಅವಳು ಪಟ್ಟು ಹಿಡಿಯುತ್ತಾಳೆ. ಮಾದಪ್ಪನೆಂದು ಜನ ಕರೆಯುವ ಮಾದೇಶ್ವರನ ಕಾವ್ಯವನ್ನು ಪಿ.ಕೆ. ರಾಜಶೇಖರ ಅವರಂಥವರು ಹಾಡುಗಾರರ ಬಾಯಿಂದ ಕೇಳಿ ಪುಸ್ತಕಕ್ಕೆ ತಂದಿದ್ದಾರೆ, ಓದಲು ಸಿಗುತ್ತದೆ. ಆದರೆ ಸಂಕಮ್ಮ ಒಲ್ಲೆ ಎನ್ನುವಲ್ಲಿ ತಾತ ಕಂಚನ್ನು ಬಡಿಯದೆ ತಡೆಹಿಡಿಯುತ್ತಾರೆ. ಆ ಒಂದು ತಾಳದ ಬಿಡುವು ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಕೇಳಲೆಂದೇ ಇಂಥ ಕೋಣೆಗಳು ಇರಬೇಕು.

ಆರೂ ಇಪ್ಪತ್ತೈದು. ಎಸಿ ಒಂದು ಸಲ ನಡುಗಿ ನಿಂತುಹೋಗುತ್ತದೆ.

ಟ್ಯೂಬ್‌ಲೈಟ್ ಆರಿದೆ. ಮಿಕ್ಸರಿನ ಪುಟ್ಟ ದೀಪಗಳು, ಕಂಪ್ಯೂಟರಿನ ಪರದೆ, ಬಾಗಿಲ ಮೇಲಿನ ಕೆಂಪು ದೀಪ ಮಾತ್ರ ಉಳಿದಿವೆ. ಕರೆಂಟ್ ಹೋಗಿದೆ, ಎಲ್ಲವೂ ಯುಪಿಎಸ್ ಮೇಲೆ ನಿಂತಿದೆ. ಪಕ್ಕದ ಕೋಣೆಯಿಂದ ಅದು ಬೀಪ್ ಎನ್ನುತ್ತದೆ. ಕೆಲವು ಸೆಕೆಂಡು ಬಿಟ್ಟು ಮತ್ತೊಂದು. ನೀವು ಗಾಜಿನತ್ತ ನೋಡಿ ಬಾಗಿಲು ಮುಚ್ಚುವಂತೆ ಕೈಸನ್ನೆ ಮಾಡುತ್ತೀರಿ. ಯಾರೋ ಓಡಿಹೋಗಿ ಮುಚ್ಚುತ್ತಾರೆ. ಬೀಪ್ ಕಿರಿದಾಗುತ್ತದೆ, ಪೂರ್ತಿ ಹೋಗುವುದಿಲ್ಲ. ತಾತನ ತಾಳದ ನಡುವೆ ಅದೂ ಒಂದು ತಾಳದಂತೆ ಸೇರಿಕೊಂಡು ಊರಿಗೆಲ್ಲ ಹೋಗುತ್ತಿದೆ.

ಸೆಖೆ ಬೇಗ ತುಂಬಿಕೊಳ್ಳುತ್ತದೆ. ಮೇ ತಿಂಗಳು, ನಾಲ್ಕು ಜನ, ಗಾಳಿಯಿಲ್ಲದ ಕೋಣೆ. ಬೆನ್ನಿಗೆ ಅಂಗಿ ಅಂಟುತ್ತದೆ, ಹೆಡ್‌ಫೋನಿನೊಳಗೆ ಕಿವಿ ಒದ್ದೆಯಾಗಿದೆ. ಮೇಳದವರೊಬ್ಬರ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ತನಕ ಇಳಿದಿದೆ. ಜನರೇಟರ್ ಹಚ್ಚಲು ಕಾವಲಿನ ಅಣ್ಣ ಕೆಳಗೆ ಹೋಗಿದ್ದಾರೆ ಎಂದು ಸರ್ ತುಟಿಯಲ್ಲೇ ಹೇಳುತ್ತಾರೆ.

ಆಮೇಲೆ ಬೆಳಕು ಬರುತ್ತದೆ. ಜನರೇಟರಿನದ್ದಲ್ಲ. ಕಂಟ್ರೋಲ್ ರೂಮಿನ ಕಿಟಕಿಯಲ್ಲಿ ಒಂದು ಬಿಳಿ ಕ್ಷಣ. ಸರ್ ಅವರ ನೆರಳು ಗಾಜಿನ ಮೇಲೆ ಮೂಡಿ ಅಳಿಯುತ್ತದೆ.

ನೀವು ಎಣಿಸುತ್ತೀರಿ. ಗುಡುಗಿನ ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. ಒಂದು, ಎರಡು, ಮೂರು… ಒಂಬತ್ತಕ್ಕೆ ಅದು ಬರುತ್ತದೆ. ಕಿವಿಗೆ ಮೊದಲು ಕಣ್ಣಿಗೆ. ಫೋಮ್ ಹೊಡೆದ ಕೋಣೆಯೊಳಗೆ ಗುಡುಗು ಕೇಳುವುದಿಲ್ಲ, ಆದರೆ ಮೀಟರಿನ ಗೆರೆ ಹಾಡಿಗೆ ಸಂಬಂಧವಿಲ್ಲದಂತೆ ಒಮ್ಮೆ ಅದುರುತ್ತದೆ. ಮೂರು ಕಿಲೋಮೀಟರ್.

ನೀಲೇಗೌಡ ಹಾಳುಗುಡಿಸಲು ಹಾಕುತ್ತಿದ್ದಾನೆ.

ಎರಡನೇ ಮಿಂಚು. ಒಂದು, ಎರಡು, ಮೂರು, ನಾಲ್ಕು, ಐದು. ಗೆರೆ ಅದುರುತ್ತದೆ. ಈ ಸಲ ಕಾಲಡಿಯ ಕಾರ್ಪೆಟ್ ಮೂಲಕ ಏನೋ ಮೇಲೇರಿ ಬಂದಂತಾಗುತ್ತದೆ. ತಾರಸಿಯ ಮೇಲೆ ಮಳೆ ಬಿದ್ದಿದೆ. ಅದರ ಸದ್ದು ಮೈಕಿನಲ್ಲಿ ತೆಳ್ಳಗೆ ಬರುತ್ತಿದೆ.

ಕಿವಿಯೊಳಗೆ ಸರ್ ಅವರ ದನಿ. ಟಾಕ್‌ಬ್ಯಾಕ್ ನಿಮಗೊಬ್ಬರಿಗೇ ಕೇಳುವಂಥದ್ದು. “ಹತ್ರ ಬರ್ತಿದೆ. ಆಫ್ ಮಾಡ್ಲಾ?”

ಅವರ ಕೈ ಟ್ರಾನ್ಸ್‌ಮಿಟರಿನ ಸ್ವಿಚ್ಚಿನ ಬಳಿ ಇದೆ. ಕೇಳುವುದು ಅವರ ಸೌಜನ್ಯ. ಕಾರ್ಯಕ್ರಮ ನಿಮ್ಮದು.

ತಾರಸಿಯ ಮೇಲೆ ಸಿಡಿಲುನಿರೋಧಕ ಇದೆ. ಆದರೂ ಹತ್ತಿರ ಸಿಡಿಲು ಬಿದ್ದರೆ ಆಂಟೆನಾದ ಕೇಬಲ್ಲಿನಲ್ಲಿ, ಕರೆಂಟಿನ ತಂತಿಯಲ್ಲಿ ಒಮ್ಮೆಗೇ ನುಗ್ಗುವ ವಿದ್ಯುತ್ತು ಟ್ರಾನ್ಸ್‌ಮಿಟರನ್ನು ಸುಡಬಲ್ಲದು. ಸುಟ್ಟರೆ ಬಿಡಿಭಾಗ ಬರಬೇಕು, ಹಣ ಮಂಜೂರಾಗಬೇಕು. ಅಷ್ಟು ದಿನವೂ ನಿಲಯ ಮೂಕ. ಬೆಳಗಿನ ಆರೋಗ್ಯದ ಮಾತಿಲ್ಲ, ಮಕ್ಕಳ ಕತೆಯಿಲ್ಲ, ಸೋಮವಾರವೂ ಇಲ್ಲ. ಇದು ಒಂದು ತಟ್ಟೆ.

ಇನ್ನೊಂದು ತಟ್ಟೆಯಲ್ಲಿ ಸಂಕಮ್ಮ ಇದ್ದಾಳೆ. ಕೈಕಾಲು ಕಟ್ಟಿ ಅವಳನ್ನು ಗುಡಿಸಲಿಗೆ ನೂಕಿ ಬಾಗಿಲು ಹಾಕುವ ಜಾಗಕ್ಕೆ ತಾತ ಬಂದಿದ್ದಾರೆ. ಮಾದಪ್ಪ ಬರಲು ಇನ್ನೂ ಹೊತ್ತಿದೆ. ಈಗ ನಿಲ್ಲಿಸಿದರೆ ಹೊಲಿಗೆ ಅಂಗಡಿಯಲ್ಲಿ, ಹಾಸ್ಟೆಲಿನ ಅಡುಗೆಮನೆಯಲ್ಲಿ, ಮಳೆಗೆ ಅಂಗಡಿಸಾಲಿನ ಕೆಳಗೆ ನಿಂತು ಮೊಬೈಲಿನ ರೇಡಿಯೋ ಕೇಳುತ್ತಿರುವ ಯಾರದೋ ಕಿವಿಯಲ್ಲಿ ಅವಳು ಹಾಗೆಯೇ ಬಿದ್ದಿರುತ್ತಾಳೆ. ಮತ್ತೆ ಈ ತಾತ. ಅವರು ಬಸ್ಸು ಹಿಡಿದು ಬಂದದ್ದು ಊರಿಗೆ ಕೇಳಿಸಲು, ಈ ಫೋಮಿನ ಗೋಡೆಗೆ ಕೇಳಿಸಲು ಅಲ್ಲ.

ಮೂರನೇ ಮಿಂಚು. ಒಂದು. ಎರಡು. ಮೂರು. ಈ ಸಲ ನಿಮಗೇ ಕೇಳಿಸುತ್ತದೆ, ಹೆಡ್‌ಫೋನು, ಗಾಜು, ಫೋಮ್ ಎಲ್ಲ ದಾಟಿ.

ನೀವು ಸರ್ ಕಡೆ ಒಂದು ಬೆರಳು ಎತ್ತುತ್ತೀರಿ. ಒಂದೇ ನಿಮಿಷ. ಅವರ ದವಡೆ ಬಿಗಿಯಾಗುತ್ತದೆ, ಕೈ ಸ್ವಿಚ್ಚಿನ ಮೇಲೇ ಇದೆ. ಎಲ್ಲಿ ತುಂಡರಿಸಬೇಕು? ತಾತನ ಸಾಲಿನ ನಡುವೆ ಕೈಹಾಕಲು ಮನಸ್ಸು ಒಪ್ಪುವುದಿಲ್ಲ. ಸಾಲು ಮುಗಿಯಲಿ, ಕತ್ತು ತಿರುಗಲಿ, ಮೇಳದವರು ಎತ್ತಿಕೊಳ್ಳಲಿ. ಕಾಯುತ್ತೀರಿ. ಎದೆಬಡಿತ ಹೆಡ್‌ಫೋನಿನೊಳಗೇ ಕೇಳುತ್ತಿದೆ. ತಾತ ಉಸಿರು ತೆಗೆದುಕೊಳ್ಳದೆ ಇನ್ನೊಂದು ಸಾಲಿಗೆ ಹೋಗುತ್ತಾರೆ. ಇನ್ನೊಂದು. ಸರ್ ಗಾಜಿಗೆ ಬೆರಳ ಗೆಣ್ಣಿನಿಂದ ಕುಟ್ಟುತ್ತಾರೆ. ಮತ್ತೊಂದು ಸಾಲು. ಕತ್ತು ತಿರುಗುತ್ತದೆ.

ತಾತನ ಫೇಡರ್ ಅರ್ಧಕ್ಕೆ, ನಿಮ್ಮದು ಮೇಲೆ. ಮೇಳದವರ ಸೊಲ್ಲಿನ ಮೇಲೆಯೇ ಮಾತಾಡುತ್ತೀರಿ.

“ಮಿಂಚು ತೀರ ಹತ್ತಿರ ಬಂದಿದೆ. ಟ್ರಾನ್ಸ್‌ಮಿಟರ್ ಉಳಿಸಿಕೊಳ್ಳಲು ಪ್ರಸಾರ ಈಗ ನಿಲ್ಲಿಸ್ತಿದ್ದೇವೆ. ತಾತ ಹಾಡ್ತಾನೇ ಇರ್ತಾರೆ, ಇಲ್ಲಿ ರೆಕಾರ್ಡ್ ಆಗ್ತಾ ಇರುತ್ತೆ. ನಾಳೆ ಬೆಳಗ್ಗೆ ಏಳು ಗಂಟೆಗೆ ಇದೇ ಜಾಗದಿಂದ ಮುಂದಿನದನ್ನು ಕೇಳಿ. ನೀವೂ ರೇಡಿಯೋದ ವೈರು ತೆಗೆದಿಡಿ, ಕಿಟಕಿಯಿಂದ ದೂರ ಕೂತ್ಕೊಳ್ಳಿ.”

ಸರ್ ಸ್ವಿಚ್ ಒತ್ತುತ್ತಾರೆ. ಕೆಂಪು ದೀಪ ಆರುತ್ತದೆ.

ತಾತನ ಕಣ್ಣು ಬಾಗಿಲ ಮೇಲಕ್ಕೆ ಹೋಗುತ್ತದೆ. ಆರಿದ ಬಲ್ಬನ್ನು ನೋಡುತ್ತಾರೆ, ನಿಮ್ಮ ಮುಖ ನೋಡುತ್ತಾರೆ. ಆ ನೋಟವನ್ನು ಎದುರಿಸುವುದು ಕಷ್ಟ. ದೀಪ ಆರಿದರೆ ಊರಿಗೆ ಕೇಳುತ್ತಿಲ್ಲ ಎಂದು ಹೇಳಿಕೊಟ್ಟವರು ನೀವೇ. ನೀವು ರೆಕಾರ್ಡರಿನ ಓಡುತ್ತಿರುವ ಅಂಕಿಯನ್ನು ತೋರಿಸಿ, ಮುಂದುವರಿಸಿ ಎಂದು ಕೈ ಮುಗಿಯುತ್ತೀರಿ. ಅವರ ಬಲಗೈ ಮೇಲೆದ್ದು ಕಂಚಿನ ಮೇಲೆ ಬೀಳುತ್ತದೆ, ಮೊದಲಿಗಿಂತ ಜೋರಾಗಿ. ಗೆರೆ ಕೆಂಪಿಗೆ ಹೋಗುತ್ತದೆ, ನೀವು ಇಳಿಸುತ್ತೀರಿ.

ನಾಲ್ಕನೇ ಸಿಡಿಲಿಗೆ ಎಣಿಸಲು ಹೊತ್ತೇ ಸಿಗುವುದಿಲ್ಲ. ಬೆಳಕೂ ಸದ್ದೂ ಒಟ್ಟಿಗೆ. ಗಾಜು ಝುಮ್ ಎನ್ನುತ್ತದೆ. ಕಂಟ್ರೋಲ್ ರೂಮಿನಲ್ಲಿ ಯಾರೋ ಕಿರುಚುತ್ತಾರೆ, ಸರ್ ಕೈ ತಲೆಯ ಮೇಲಿದೆ. ಮೇಳದವರ ದನಿ ಒಂದು ಗಳಿಗೆ ತಪ್ಪಿ ಮತ್ತೆ ಕೂಡಿಕೊಳ್ಳುತ್ತದೆ. ತಾತನದು ತಪ್ಪುವುದಿಲ್ಲ. ನೀವು ಸರ್ ಮುಖವನ್ನೇ ನೋಡುತ್ತೀರಿ. ಅವರು ಬಗ್ಗಿ ಟ್ರಾನ್ಸ್‌ಮಿಟರಿನ ಹತ್ತಿರ ಮೂಗು ಒಯ್ದು ಮೂಸುತ್ತಾರೆ, ಸುಟ್ಟ ವಾಸನೆಗಾಗಿ. ಎದ್ದು ಹೆಬ್ಬೆರಳು ತೋರಿಸುತ್ತಾರೆ.

ಜನರೇಟರ್ ಹತ್ತಿಕೊಳ್ಳುತ್ತದೆ. ಟ್ಯೂಬ್‌ಲೈಟ್ ಮಿಣಿಮಿಣಿ ಎಂದು ಉರಿಯುತ್ತದೆ. ಸಂಕಮ್ಮನ ಗುಡಿಸಲಿಗೆ ಮಾದಪ್ಪ ಬರುವ ಹೊತ್ತಿಗೆ ಎಸಿಯೂ ಶುರುವಾಗಿ ನಿಮ್ಮ ಒದ್ದೆ ಬೆನ್ನಿಗೆ ತಂಪು ಚುಚ್ಚುತ್ತದೆ. ಹಾಡು ಮುಗಿದಾಗ ಏಳು ದಾಟಿದೆ. ತಾತ ಎರಡೂ ತಾಳಗಳನ್ನು ಕಣ್ಣಿಗೊತ್ತಿಕೊಂಡು ಜೋಳಿಗೆಗೆ ಸೇರಿಸುತ್ತಾರೆ.

“ತಾತ, ಮಧ್ಯದಲ್ಲಿ ನಿಲ್ಲಿಸಬೇಕಾಯ್ತು.”

“ನೀ ಎಲ್ ನಿಲ್ಸ್ದೆ ಮಗ? ಎತ್ತಿದ್ ಪದವ ಇಳಿಸ್ದೆ ಏಳ್ಬಾರ್ದು. ಇಳ್ಸಿವ್ನಿ.” ಅವರು ಎದ್ದು, ಕುರ್ಚಿಯನ್ನು ಇದ್ದ ಜಾಗಕ್ಕೇ ಸರಿಸುತ್ತಾರೆ. “ನೀರ್ ಕೊಡು.”

ನಿಮ್ಮ ಬಾಟಲಿಯನ್ನೇ ಕೊಡುತ್ತೀರಿ.

ಆಫೀಸಿನ ಫೋನು ಬಡಿದುಕೊಳ್ಳುತ್ತಿದೆ. ಹೊಲಿಗೆ ಅಂಗಡಿಯವರು. ನಮಸ್ಕಾರವೂ ಇಲ್ಲ, ಚೆನ್ನಾಗಿತ್ತು ಎಂಬ ಮಾತೂ ಇಲ್ಲ. “ಅವಳ್ನ ಬಾಗ್ಲು ಹಾಕಿ ಬಿಟ್ಟೋದ್ರಲ್ಲ, ಆಮೇಲೇನಾಯ್ತು?” ನಿಮಗೆ ಕತೆ ಗೊತ್ತಿದೆ, ಹೇಳಿಬಿಡಬಹುದು. ಹೇಳುವುದಿಲ್ಲ. ಬೆಳಗ್ಗೆ ಏಳಕ್ಕೆ ಕೇಳಿ ಎನ್ನುತ್ತೀರಿ. ಆ ಕಡೆಯಿಂದ ಒಂದು ನಿಟ್ಟುಸಿರು, ಆಮೇಲೆ ಮಷಿನ್ನಿನ ಟಕಟಕ. ರಿಸೀವರ್ ಇಡುವ ಮೊದಲೇ ಇನ್ನೊಂದು ಲೈನಿನಲ್ಲಿ ಬೇರೆ ಯಾರೋ ಅದನ್ನೇ ಕೇಳುತ್ತಿದ್ದಾರೆ.

ಲಾಗ್ ಬುಕ್ಕಿನಲ್ಲಿ ಬರೆಯುತ್ತೀರಿ: 6.38ಕ್ಕೆ ಪ್ರಸಾರ ನಿಲುಗಡೆ, ಕಾರಣ ಸಿಡಿಲು. ಅಕ್ಷರ ಇನ್ನೂ ನಡುಗುತ್ತಿದೆ. ನಂತರ ಫೈಲಿಗೆ ಹೆಸರು ಕೊಟ್ಟು ಎರಡು ಕಡೆ ಉಳಿಸುತ್ತೀರಿ, ಒಂದು ಪ್ರಸಾರದ ಕಂಪ್ಯೂಟರಿನಲ್ಲಿ, ಇನ್ನೊಂದು ನಿಮ್ಮ ಚೀಲದಲ್ಲಿರುವ ಡಿಸ್ಕಿನಲ್ಲಿ. ಎರಡನೆಯದು ಏಕೆಂದರೆ, ಪ್ರಸಾರವಾದ ಕಾರ್ಯಕ್ರಮವನ್ನು ಮೂರು ತಿಂಗಳು ಕಾಪಾಡಿಕೊಂಡರೆ ನಿಯಮಕ್ಕೆ ಸಾಕು. ಜಾಗ ಸಾಲದ ಡಿಸ್ಕಿನಲ್ಲಿ ಆಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ತುಂಬುವುದು ಸುಲಭದ ದಾರಿ. ಸಂಕಮ್ಮ ಒಲ್ಲೆ ಎನ್ನುವಾಗ ಕಂಚು ತಡೆಹಿಡಿಯುವ ಆ ಬಿಡುವು ಮೂರು ತಿಂಗಳಿಗೆ ಅಳಿಸಿಹೋಗುವ ವಸ್ತುವಲ್ಲ. ನಮ್ಮ ವಿಶ್ವವಿದ್ಯಾಲಯಗಳು, ಅಕಾಡೆಮಿಗಳು ಇಂಥ ನಿಲಯಗಳ ಧ್ವನಿಗಳನ್ನು ಒಂದೆಡೆ ಕೂಡಿಡುವ ಕೆಲಸಕ್ಕೆ ಕೈಹಾಕಬೇಕು. ಅಲ್ಲಿಯವರೆಗೆ ಚೀಲದ ಡಿಸ್ಕೇ ಗತಿ.

ನಿಮ್ಮ ಊರಿನ ಕಾಲೇಜಿಗೊಂದು ಬಾನುಲಿ ಇದ್ದರೆ ವಾರಕ್ಕೊಮ್ಮೆಯಾದರೂ ಹಚ್ಚಿ ಕೇಳಿ, ಮುಗಿದ ಮೇಲೆ ಫೋನ್ ಮಾಡಿ. ನಿಮ್ಮ ಬೀದಿಯಲ್ಲಿ, ನಿಮ್ಮ ಮನೆಯಲ್ಲಿ, ಹಿತ್ತಲಲ್ಲಿ ಪಾತ್ರೆ ತೊಳೆಯುತ್ತ ಹಾಡುವವರೊಬ್ಬರಿದ್ದರೆ ಅವರನ್ನು ಕರೆದುಕೊಂಡು ಬನ್ನಿ. ಬಸ್ಸಿನ ಚಾರ್ಜು ನೀವು ಕೊಡಿ, ಮೈಕಿನ ಎತ್ತರ ಅಲ್ಲಿನ ಮಕ್ಕಳು ಸರಿಮಾಡುತ್ತಾರೆ.